ಮಡಚುಕತ್ತಿಯ ಹಿಡಿಗೆ ಬಳಿದ ಎಣ್ಣೆ

ಒಳ್ಳೆಯ ಮಡಚುಕತ್ತಿಗೆ ಅದರದ್ದೇ ಒಂದು ಸದ್ದಿದೆ. ಅಲಗು ಹಿಡಿಯೊಳಗೆ ಮಡಚಿ ಕೂರುವ ಕೊನೆಯ ಗಳಿಗೆಯಲ್ಲಿ ಬೆನ್ನಿನ ಸ್ಪ್ರಿಂಗು ಅದನ್ನು ನಮ್ಮ ಬೆರಳಿನಿಂದ ಕಸಿದುಕೊಂಡು ತಾನೇ ಮುಚ್ಚಿಬಿಡುತ್ತದೆ. ಚಿಕ್ಕವನಿದ್ದಾಗ ಸುಳ್ಯದ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಹಿರಿಯರು ಅಡಿಕೆ ಹೋಳು ಮಾಡಿ ಬಾಯಿಗೆ ಹಾಕಿಕೊಂಡು ಕತ್ತಿ ಮುಚ್ಚಿದಾಗ ಆ ಸದ್ದು ಕೇಳಿದ್ದೆ. ಅವರ ಮುಖ ನೆನಪಿಲ್ಲ, ಬಸ್ಸು ಯಾವುದೆಂದು ನೆನಪಿಲ್ಲ, ಸದ್ದು ಮಾತ್ರ ಕಿವಿಯಲ್ಲೇ ಉಳಿದಿದೆ. ಈ ಕತೆ ನಡೆದ ವರ್ಷ ಶಿವರಾತ್ರಿಯಿಂದ ಮಳೆಗಾಲದವರೆಗೆ ನಾನು ಅದರ ಬೆನ್ನು ಹತ್ತಿದ್ದೆ. ಯಾರಾದರೂ ಕೊಡೆ ಮಡಚಿದರೂ ತಿರುಗಿ ನೋಡುತ್ತಿದ್ದೆ.

"ಬೇರೆಯವರು ಕತ್ತಿ ಮಾಡುದು, ಇವರು ಕತ್ತಿಯ ಕನಸು ಕಾಣುದು" ಎಂದು ನನ್ನ ಹೆಂಡತಿ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಪುತ್ತೂರಿನ ದರ್ಬೆಯ ಮುಖ್ಯರಸ್ತೆಯಿಂದ ಸ್ವಲ್ಪ ಒಳಗೆ, ಒಂದು ವೆಲ್ಡಿಂಗ್ ಅಂಗಡಿಯ ಹಿಂದುಗಡೆ ನನ್ನ ಶೆಡ್ಡು. ತೋಟದ ಕತ್ತಿ, ಅಡುಗೆಮನೆಯ ಪೀಶಕತ್ತಿಗಳನ್ನು ಕೇಳಿದವರಿಗೆ ಕೇಳಿದ ಹಾಗೆ ಮಾಡಿಕೊಡುತ್ತೇನೆ. ಶಿವರಾತ್ರಿ ಕಳೆದ ವಾರ ಪೆರಾಬೆ ಕಡೆಯ ಒಬ್ಬರು ನರ್ಸರಿ ಮಾಲೀಕರು ತೋಟದ ಕತ್ತಿಗೆಂದು ಬಂದಿದ್ದರು. ಮೇಜಿನ ಮೇಲೆ ನಾನು ಸುಮ್ಮನೆ ನನಗೆಂದು ಮಾಡಿಕೊಂಡಿದ್ದ ಒಂದು ಮಡಚುಕತ್ತಿ ಬಿದ್ದಿತ್ತು.

"ಇದೆಂತ ಮಾರಾಯ್ರೆ, ಮಕ್ಕಳಾಟದ ಸಾಮಾನಾ?" ಎಂದು ಕೈಗೆತ್ತಿಕೊಂಡವರು ಬಿಡಿಸಿದರು, ಮಡಚಿದರು, ಮತ್ತೆ ಬಿಡಿಸಿದರು. ನಗು ನಿಂತಿತು. "ಇದರಲ್ಲಿ ಕಸಿ ಕಟ್ಲಿಕ್ಕೆ ಆಗ್ತದಾ?"

ಅವರ ನರ್ಸರಿಯಲ್ಲಿ ಕಸಿ ಕಟ್ಟುವವರು ಗಡ್ಡ ಹೆರೆಯುವ ಬ್ಲೇಡನ್ನು ಅರ್ಧ ಮುರಿದು ಬಳಸುತ್ತಿದ್ದರಂತೆ. ಅದು ಎರಡು ದಿನಕ್ಕೆ ಮೊಂಡಾಗುತ್ತದೆ, ಬೆರಳು ಕೊಯ್ಯುತ್ತದೆ. ಕಿಸೆಯಲ್ಲಿ ಇಟ್ಟುಕೊಳ್ಳುವ ಹಾಗಿನ ಒಂದು ಕಸಿ ಕತ್ತಿ ಇದ್ದರೆ ಚೆನ್ನ. ಜುಲೈ ನಡುವೆ ಆಟಿ ತಿಂಗಳು ಶುರುವಾಗುವ ಮೊದಲು ಪುತ್ತೂರಿನಲ್ಲಿ ಹಲಸು ಮೇಳ ಇತ್ತು. ಅಲ್ಲಿ ತಮ್ಮ ಮಳಿಗೆಯ ಪಕ್ಕದಲ್ಲಿ ನನಗೊಂದು ಮೇಜು ಕೊಡಿಸುತ್ತೇನೆ ಎಂದರು. "ಇಪ್ಪತ್ತನಾಲ್ಕು ಮಾಡಿ. ನಮ್ಮಲ್ಲಿ ಕಸಿ ಕಟ್ಟುವ ಅಕ್ಕ ಸ್ಟೇಜಿನಲ್ಲಿ ಅದರಲ್ಲೇ ಕಟ್ಟಿ ತೋರಿಸ್ಲಿ. ಜನ ನೋಡಿ ತಕೊಳ್ತಾರೆ."

ಅದುವರೆಗೆ ನಾನು ಮಾಡಿದ್ದೆಲ್ಲ ಒಂದೊಂದೇ. ಒಂದೇ ಅಳತೆಯ, ಒಂದೇ ಸದ್ದಿನ ಇಪ್ಪತ್ತನಾಲ್ಕು ಕತ್ತಿಗಳು ಸಾಲಾಗಿ ಮಲಗಿರುವುದು, ಪ್ರತಿಯೊಂದರ ಅಲಗಿನ ಬುಡದಲ್ಲಿ ನನ್ನ ಹೆಸರಿನ ಮೊದಲ ಅಕ್ಷರ ಒತ್ತಿರುವುದು ಆ ಕ್ಷಣವೇ ಕಣ್ಣಿಗೆ ಬಂತು. ಆಗಲಿ ಎಂದೆ. ಅವರು ತೋಟದ ಕತ್ತಿ ಮರೆತು ಹೋದರು, ನಾನೂ ನೆನಪಿಸಲಿಲ್ಲ.

ಅವರು ಹೇಳಿದ ಅಕ್ಕನನ್ನು ನೋಡಲು ಮಾರನೆಯ ದಿನವೇ ನರ್ಸರಿಗೆ ಹೋದೆ. ಐವತ್ತರ ಆಸುಪಾಸಿನ ಹೆಂಗಸು. ಹಸಿರು ಬಲೆಯ ನೆರಳಿನಲ್ಲಿ ಉದ್ದದ ಮೇಜಿನ ಮುಂದೆ ನಿಂತು ಮಾವಿನ ಸಸಿಗಳಿಗೆ ಕಸಿ ಕಟ್ಟುತ್ತಿದ್ದರು. ಕಟ್ಟುವಾಗ ತುಳುವಿನ ಜನಪದ ಹಾಡಾದ ಪಾಡ್ದನದ ಧಾಟಿಯೊಂದನ್ನು ಗುನುಗುತ್ತಿದ್ದರು. ಮಾತು ಕೇಳಿಸುವುದಿಲ್ಲ, ಧಾಟಿ ಮಾತ್ರ. ಒಂದು ಸಾಲು ಮುಗಿಯುವಷ್ಟರಲ್ಲಿ ಒಂದು ಗಿಡ ಮುಗಿದಿರುತ್ತಿತ್ತು.

"ಹಾಡದಿದ್ರೆ ಕೈ ಓಡುದಿಲ್ಲ ಅಣ್ಣ," ಎಂದರು. "ನನ್ನ ಗಡಿಯಾರ ಅದು."

ಕತ್ತಿ ಹೇಗಿರಬೇಕು ಎಂದು ಅವರೇ ಕಲಿಸಿದರು. ಕಸಿಕಡ್ಡಿಯ ಬುಡವನ್ನು ಎರಡೂ ಕಡೆಯಿಂದ ಓರೆಯಾಗಿ ಸೀಳಿ ಬೆಣೆಯಂತೆ ಮಾಡಬೇಕು. ಆ ಕೊಯ್ದ ಮುಖ ಇಸ್ತ್ರಿ ಹಾಕಿದ ಹಾಗೆ ಚಪ್ಪಟೆ ಇರಬೇಕು. ಎರಡೂ ಬದಿ ಮಸೆದ ಅಲಗು ಒಳಗೆ ತಗ್ಗು ಮಾಡುತ್ತದೆ, ತಗ್ಗಿನಲ್ಲಿ ನೀರು ನಿಂತು ಕಸಿ ಕೊಳೆಯುತ್ತದೆ. ಆದ್ದರಿಂದ ಒಂದೇ ಬದಿ ಮಸೆಯಬೇಕು, ಇನ್ನೊಂದು ಬದಿ ಹಲಗೆಯಂತೆ ನೇರ ಇರಬೇಕು. ನಾನು ಅವರ ಕೈಯಲ್ಲಿ ಬ್ಲೇಡು ಓಡುವುದನ್ನೇ ನೋಡುತ್ತಿದ್ದೆ. ಕೊಯ್ದಾದ ಮೇಲೆ ಅದನ್ನು ಮೇಜಿನ ಮೇಲಿನ ಒದ್ದೆ ಬಟ್ಟೆಗೆ ಇಟ್ಟು ಎರಡೂ ಕೈಯಿಂದ ಪ್ಲಾಸ್ಟಿಕ್ ಪಟ್ಟಿ ಸುತ್ತುತ್ತಿದ್ದರು.

ನಾನು ತಂದಿದ್ದ ಮಡಚುಕತ್ತಿಯನ್ನು ತೋರಿಸಲೆಂದು ಮುಂದೆ ಚಾಚಿದೆ. ಅವರು ಕೈ ಹಿಂದೆ ತೆಗೆದುಕೊಂಡರು.

"ಕೆಳಗೆ ಇಡಿ ಅಣ್ಣ. ಕತ್ತಿ ಕೈಯಿಂದ ಕೈಗೆ ಕೊಡ್ಲಿಕ್ಕಿಲ್ಲ. ಜಗಳ ಆಗ್ತದೆ."

ದಿನಾ ಕತ್ತಿ ಮಾರುವವನು ನಾನು, ಹಾಗೆ ನೋಡಿದರೆ ಊರೆಲ್ಲ ಜಗಳ ಹಂಚಿದವನು ಎಂದು ನಕ್ಕೆ. ಅವರು ನಗಲಿಲ್ಲ. ಮೇಜಿನ ಮೇಲೆ ಇಟ್ಟೆ. ಆಮೇಲೆ ತೆಗೆದುಕೊಂಡರು.

ಅಲಗಿಗೆ ಎರಡೂವರೆ ಮಿಲಿಮೀಟರ್ ದಪ್ಪದ ಉಕ್ಕಿನ ಪಟ್ಟಿ ತರಿಸಿದೆ. ತೆಂಗಿನ ಗೆರಟೆಯ ಇದ್ದಿಲಿನಲ್ಲಿ ಕಾಯಿಸುವುದು ನನ್ನ ರೂಢಿ. ಕಾಯ್ದ ಉಕ್ಕಿಗೆ ಒಂದು ಹಂತದಲ್ಲಿ ಅಯಸ್ಕಾಂತ ಅಂಟುವುದಿಲ್ಲ. ಅಲ್ಲಿಂದ ಇನ್ನೊಂದು ಕೂದಲೆಳೆ ಕಾಯಿಸಿ, ಬಿಸಿ ಮಾಡಿಟ್ಟ ತೆಂಗಿನೆಣ್ಣೆಗೆ ಅದ್ದಬೇಕು. ಶೆಡ್ಡಿನ ತುಂಬ ಹಪ್ಪಳ ಕರಿದ ವಾಸನೆ ಬರುತ್ತದೆ, ವೆಲ್ಡಿಂಗ್ ಅಂಗಡಿಗೆ ಬಂದವರು ಹಸಿವಾಗಿ ಇಣುಕುತ್ತಾರೆ. ಹಾಗೆ ಅದ್ದಿದ ಉಕ್ಕು ಗಾಜಿನಷ್ಟು ಗಡುಸು, ಗಾಜಿನಷ್ಟೇ ಪೆಡಸು. ಆ ಪೆಡಸು ಇಳಿಯಲು ಅಲಗನ್ನು ಹೆಂಡತಿಯ ಕೇಕಿನ ಓವನ್ನಿನಲ್ಲಿ ಒಣಹುಲ್ಲಿನ ಬಣ್ಣ ಬರುವವರೆಗೆ ಮತ್ತೆ ಕಾಯಿಸುತ್ತೇನೆ. ಸ್ಪ್ರಿಂಗಿಗೆ ಅಷ್ಟು ಸಾಲದು, ಅದನ್ನು ಬಾಣಲೆಯ ಬಿಸಿ ಮರಳಿನಲ್ಲಿ ನೀಲಿಯಾಗುವವರೆಗೆ ಇಡಬೇಕು.

ಈ ಬಣ್ಣಗಳ ಮುಂದೆ ಕೂತರೆ ನನಗೆ ಊಟದ ಹೊತ್ತು ಗೊತ್ತಾಗುವುದಿಲ್ಲ. ತಿಕ್ಕಿ ಬೆಳ್ಳಗೆ ಮಾಡಿದ ಉಕ್ಕಿನ ಮೇಲೆ ಮೊದಲು ಹುಲ್ಲಿನ ಹಳದಿ, ಮತ್ತೆ ಕಂಚು, ಮತ್ತೆ ನೇರಳೆ, ಕೊನೆಗೆ ನೀಲಿ, ಒಂದರ ಹಿಂದೆ ಒಂದು ತೆವಳಿಕೊಂಡು ಬರುತ್ತವೆ. ಮೊದಲ ಮೂರು ಸ್ಪ್ರಿಂಗುಗಳನ್ನು ಕಂಚಿನ ಬಣ್ಣಕ್ಕೇ ತೆಗೆದುಬಿಟ್ಟೆ. ಕಾರಣ ಏನೂ ಇಲ್ಲ, ಕಂಚು ಅಷ್ಟು ಚಂದ ಕಂಡಿತು. ಒಂದು ಹತ್ತನೆಯ ಸಲ ಬಿಡಿಸುವಾಗ, ಇನ್ನೊಂದು ನಲವತ್ತನೆಯ ಸಲಕ್ಕೆ ಪಟ್ಟನೆ ಮುರಿದವು. ಮೂರನೆಯದನ್ನು ನಾನೇ ಸುತ್ತಿಗೆಯಿಂದ ಮುರಿದೆ. ನಾಲ್ಕನೆಯದರಿಂದ ನೀಲಿಗೆ ಕಾದೆ.

ಹಿಡಿಗೆ ಹಲಸಿನ ತಿರುಳು. ಹಿತ್ತಾಳೆಯ ಒಳಪದರ ಹಾಕದೆ ಮರವನ್ನೇ ನೇರವಾಗಿ ಅಲಗಿನ ಎರಡೂ ಬದಿಗೆ ಕೂರಿಸಿದೆ. ಅಂಗಿಯ ಕಿಸೆಯಲ್ಲಿ ಕತ್ತಿ ಇದೆ ಎಂಬುದೇ ಮರೆತುಹೋಗಬೇಕು, ಅಷ್ಟು ಹಗುರ ಇರಬೇಕು ಎಂಬುದು ನನ್ನ ಆಸೆ. ಮೇ ತಿಂಗಳ ಕೊನೆಗೆ ಹನ್ನೆರಡು ಸಿದ್ಧವಾದವು. ಒಂದನ್ನು ಮುಚ್ಚಿದೆ. ಬಸ್‌ಸ್ಟ್ಯಾಂಡಿನ ಸದ್ದು ಬಂತು. ಇನ್ನೊಂದನ್ನು ಮುಚ್ಚಿದೆ. ಹನ್ನೆರಡನ್ನೂ ಸಾಲಾಗಿ ಮುಚ್ಚುತ್ತಾ ಬಿಡಿಸುತ್ತಾ ಆ ಮಧ್ಯಾಹ್ನ ಪೂರ್ತಿ ಕಳೆದೆ ಎಂದರೆ ನೀವು ನಂಬಬೇಕು.

ಕೋಲ, ಯಕ್ಷಗಾನಗಳಿಗೆ ತೆರೆ ಬೀಳುವ ಪತ್ತನಾಜೆ ಕಳೆದು ನಾಲ್ಕೈದು ದಿನಕ್ಕೆ ಮಳೆ ಹಿಡಿಯಿತು. ಒಂದು ವಾರ ಬಿಡದೆ ಹೊಯ್ದ ಮೇಲೆ ಒಂದು ಬೆಳಿಗ್ಗೆ ಕತ್ತಿ ಬಿಡಿಸಲು ಹೋದರೆ ಉಗುರು ಮುರಿಯಿತು. ಹನ್ನೆರಡೂ ಹಾಗೆಯೇ. ಬಿಸಿಲಿನಲ್ಲಿ ಒಣಗಿದ್ದ ಮರ ಮಳೆಗಾಲದ ತೇವ ಕುಡಿದು ಊದಿಕೊಂಡು ಅಲಗನ್ನು ಎರಡೂ ಬದಿಯಿಂದ ಹಿಸುಕಿ ಹಿಡಿದಿತ್ತು. ಹುಟ್ಟಿದಂದಿನಿಂದ ಜೂನ್ ತಿಂಗಳಲ್ಲಿ ಬಾಗಿಲು, ಕಿಟಕಿ, ಮೇಜಿನ ಖಾನೆ ಎಲ್ಲ ಬಿಗಿಯಾಗುವುದನ್ನು ನೋಡಿದವನು ನಾನು. ಕತ್ತಿಯ ಹಿಡಿಯೂ ಮರವೇ ಎಂಬುದು ಹೊಳೆದಿರಲಿಲ್ಲ.

ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ಹೆಂಡತಿ ಚಹಾ ತಂದಿಟ್ಟಳು. ಅವಳು ಕಾಡಂಚಿನ ಕೊಲ್ಲಮೊಗ್ರಿನವಳು. "ನಮ್ಮಲ್ಲಿ ಪಕ್ಕಾಸಿಗೆಲ್ಲ ಗೇರುಬೀಜದ ಸಿಪ್ಪೆ ಎಣ್ಣೆ ಕೊಡ್ತಿದ್ರು. ನೀರೂ ಹಿಡಿಯುದಿಲ್ಲ, ಗೆದ್ದಲೂ ಬರುದಿಲ್ಲ. ಅದನ್ನು ಕೊಟ್ಟು ನೋಡಿ" ಎಂದಳು.

ಮನೆಯ ಮಾಡು ಹೊತ್ತ ಮರದ ಪಕ್ಕಾಸಿಗೆ ಹೊಂದಿದ್ದು ಕತ್ತಿಯ ಹಿಡಿಗೆ ಹೊಂದದೇ? ಒಂದು ಗೇರುಬೀಜ ಕಾರ್ಖಾನೆಯಿಂದ ಅರ್ಧ ಕ್ಯಾನು ಎಣ್ಣೆ ತಂದೆ. ಹಿಡಿಗಳನ್ನು ಒಳಗಿನಿಂದ ಅಷ್ಟಿಷ್ಟು ಹೆರೆದು ಬಟ್ಟೆಯಿಂದ ತೆಳುವಾಗಿ ಬಳಿದೆ. ಮೊದಲ ಎರಡು ಕೈ ಬಳಿದಾಗ ಮಳೆ ಬಿಡುವು ಕೊಟ್ಟಿತ್ತು, ಬಿಸಿಲಲ್ಲಿ ಒಣಗಿತು. ಮೂರನೆಯ ಕೈಗೆ ಮತ್ತೆ ಮೋಡ ಕವಿಯಿತು. ಕುಲುಮೆಯ ಮೇಲೆ ತಂತಿ ಕಟ್ಟಿ ತೂಗುಹಾಕಿದೆ. ಬೆರಳಿಗೆ ಅಂಟುವುದು ನಿಂತಾಗ ಒಣಗಿತು ಎಂದುಕೊಂಡೆ. ಹಲಸಿನ ಹಳದಿ ಜೇನಿನ ಬಣ್ಣಕ್ಕೆ ತಿರುಗಿತ್ತು. ಉಳಿದ ಹನ್ನೆರಡನ್ನೂ ಹಾಗೆಯೇ ಮುಗಿಸಿದೆ. ಎಷ್ಟು ಮಳೆ ಬಂದರೂ ಕತ್ತಿಗಳು ಸರಾಗ ಬಿಡಿಸಿಕೊಂಡವು. ನಾನು ನೆಲಕ್ಕೆ ಕಾಲು ತಾಗದೆ ಓಡಾಡುತ್ತಿದ್ದೆ.

ಗೇರುಬೀಜದ ಸಿಪ್ಪೆಯ ಎಣ್ಣೆ ಸುಡುತ್ತದೆ. ಈ ಊರಿನಲ್ಲಿ ಬೀಜ ಸುಟ್ಟು ತಿಂದು ಬಾಯಿಯ ಸುತ್ತ ಬೊಬ್ಬೆ ಎಬ್ಬಿಸಿಕೊಳ್ಳದ ಮಕ್ಕಳಿಲ್ಲ. ನನಗೂ ಗೊತ್ತಿದ್ದದ್ದೇ. ಆದ್ದರಿಂದಲೇ ಒಣಗಿದ ಹಿಡಿಯನ್ನು ಅಂಗೈಯಲ್ಲಿ ಅರ್ಧ ದಿನ ಹಿಡಿದು ನೋಡಿದ್ದೆ, ಏನೂ ಆಗಲಿಲ್ಲ. ನನ್ನ ಅಂಗೈ ಸುತ್ತಿಗೆ ಹಿಡಿದು ಹಿಡಿದು ದಡ್ಡುಗಟ್ಟಿದ ಚರ್ಮ. ಬೆಂಕಿಯ ಕಿಡಿ ಬಿದ್ದರೂ ಅದಕ್ಕೆ ನಿಧಾನವಾಗಿ ಸುದ್ದಿ ಮುಟ್ಟುವುದು.

ಮೊದಲ ಕತ್ತಿಯನ್ನು ಅಕ್ಕನ ಮೇಜಿನ ಮೇಲೆ ಇಟ್ಟು ಬಂದೆ. ಅವರು ಮಾರನೆಯ ದಿನದಿಂದ ಕಡಬದ ಹತ್ತಿರ ಒಂದು ತೋಟಕ್ಕೆ ಹೋಗುವವರಿದ್ದರು. ಅಲ್ಲಿ ಬೆಳೆದು ನಿಂತ ಕಾಡು ಜಾತಿಯ ಕಾಟುಮಾವಿನ ಮರಗಳನ್ನು ಕಡಿದು, ಬೊಡ್ಡೆಯಲ್ಲಿ ಬಂದ ಚಿಗುರುಗಳಿಗೆ ಒಂದು ಒಳ್ಳೆಯ ಮಿಡಿಮಾವಿನ ಮರದ ಕಡ್ಡಿ ಕಸಿ ಕಟ್ಟುವ ಕೆಲಸ. ಉಪ್ಪಿನಕಾಯಿಗೆ ಅದರಂಥ ಮಿಡಿ ಇಲ್ಲ, ಮರಕ್ಕೆ ವಯಸ್ಸಾಗಿದೆ, ಅದು ಬೀಳುವ ಮೊದಲು ತಳಿ ಉಳಿಸಬೇಕು ಎಂದು ನರ್ಸರಿ ಮಾಲೀಕರ ಆಸೆ.

ಹತ್ತು ದಿನ ಕಳೆದು, ಒಂದು ಶುಕ್ರವಾರ, ಕತ್ತಿ ಹೇಗಿದೆ ಎಂದು ಕೇಳಲು ಆ ತೋಟಕ್ಕೇ ಹೋದೆ. ಹೊಗಳಿಕೆ ಕೇಳಲು ಎಂದರೂ ತಪ್ಪಿಲ್ಲ. ಗುನುಗು ಕೇಳಿದ ಕಡೆ ಹೋದರಾಯಿತು ಎಂದುಕೊಂಡು ಗೇಟು ದಾಟಿದೆ. ತೋಟ ಸದ್ದಿಲ್ಲದೆ ಇತ್ತು. ಅಲ್ಲಿ ಇಲ್ಲಿ ತಿರುಗಿ ಕೊನೆಗೆ ಒಂದು ಬೊಡ್ಡೆಯ ಬಳಿ ಅವರು ಬಗ್ಗಿ ಕೆಲಸ ಮಾಡುತ್ತಿರುವುದು ಕಂಡಿತು. ಮುಖ ಎತ್ತಿದರು. ತುಟಿಗಳು ಊದಿಕೊಂಡಿದ್ದವು. ಬಾಯಿಯ ಎರಡೂ ಮೂಲೆಯಲ್ಲಿ ಚರ್ಮ ಕಪ್ಪಾಗಿ ಸುಲಿದಿತ್ತು.

"ಸೊನೆ ತಾಗಿದ್ದು ಅಣ್ಣ," ಎಂದರು ತುಟಿ ಹೆಚ್ಚು ಅಲ್ಲಾಡಿಸದೆ. "ಈ ಮಿಡಿಮಾವಿನ ಸೊನೆ ಭಾರಿ ಜೋರು. ಒಂದು ವಾರದಿಂದ ಗಂಜಿ ಮಾತ್ರ. ಉಪ್ಪಿನಕಾಯಿಯ ಹೆಸರು ಹೇಳಿದ್ರೇ ಉರೀತದೆ."

ಹಾಡಲು ಆಗುತ್ತಿಲ್ಲ, ಹಾಡದೆ ಕೈ ಓಡುತ್ತಿಲ್ಲ, ದಿನಕ್ಕೆ ಅರ್ಧ ಕೆಲಸವೂ ಆಗುತ್ತಿಲ್ಲ ಎಂದರು. ಇಂಥ ಸೊನೆಯ ಮರದ ಸಹವಾಸ ಬೇಡ, ಇದ್ದ ಕಡ್ಡಿ ಮುಗಿಸಿ ಬಿಟ್ಟುಬಿಡುವ ಎಂದು ಮಾಲೀಕರಿಗೂ ಹೇಳಿ ಆಗಿತ್ತು. ಮಾತಾಡುತ್ತಲೇ ಕಡ್ಡಿ ಕೊಯ್ದರು, ಚಿಗುರು ಸೀಳಿದರು, ಬೆಣೆ ಕೂರಿಸಿದರು. ಇನ್ನು ಪಟ್ಟಿ ಸುತ್ತಬೇಕು, ಅದಕ್ಕೆ ಎರಡೂ ಕೈ ಬೇಕು. ಅಲ್ಲಿ ಮೇಜು ಇರಲಿಲ್ಲ. ಕೆಳಗೆ ಕೆಸರು. ಕತ್ತಿಯ ಹಿಡಿ ಅವರ ಬಾಯಿಗೆ ಹೋಯಿತು.

ಹಲ್ಲಿನ ನಡುವೆ ಹಿಡಿಯನ್ನು ಕಚ್ಚಿ, ತುಟಿ ಮುಚ್ಚಿ, ನಿಧಾನವಾಗಿ ಪಟ್ಟಿ ಸುತ್ತಿದರು. ಕೆಲಸ ಮುಗಿದ ಮೇಲೆ ಕತ್ತಿ ನೋಡುತ್ತೇನೆ ಎಂದೆ. ಬೊಡ್ಡೆಯ ಮೇಲೆ ಇಟ್ಟರು, ಎತ್ತಿಕೊಂಡೆ. ಹಿಡಿಯ ತುದಿಯಲ್ಲಿ ಹಲ್ಲಿನ ಗುರುತು ಸಾಲಾಗಿತ್ತು. ಅಷ್ಟು ಜಾಗದಲ್ಲಿ ಜೇನಿನ ಬಣ್ಣ ಹೋಗಿ ಮರದ ಹಳದಿ ಕಾಣುತ್ತಿತ್ತು.

ಅಲ್ಲೇ ಹೇಳಬೇಕಿತ್ತು. ನಾನು ಹೇಳಲಿಲ್ಲ. "ಅಲಗು ಮಸೆಯುವಷ್ಟು ಆಗಿಲ್ಲ" ಎಂದು ಏನೋ ಗೊಣಗಿ ಕತ್ತಿಯನ್ನು ಬೊಡ್ಡೆಯ ಮೇಲೆ ಮತ್ತೆ ಇಟ್ಟು ಬಂದುಬಿಟ್ಟೆ. ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ: ಸೊನೆಯೇ ಇರಬೇಕು, ಮಾವಿನ ಸೊನೆ ಸುಡುವುದು ಯಾರಿಗೆ ಗೊತ್ತಿಲ್ಲ, ಅವರೇ ಹೇಳುತ್ತಿದ್ದಾರಲ್ಲ. ಮೇಜಿನ ಮೇಲೆ ಸಾಲಾಗಿ ಮಲಗಿದ ಇಪ್ಪತ್ತನಾಲ್ಕು ಕತ್ತಿಗಳ ಕನಸು ಅಷ್ಟು ಗಟ್ಟಿಯಾಗಿ ಹಿಡಿದಿತ್ತು. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

ಶನಿವಾರ ಮಧ್ಯಾಹ್ನ ಶೆಡ್ಡಿನ ಬಾಗಿಲು ಓರೆ ಮಾಡಿ ಒಂದು ಕತ್ತಿಯನ್ನು ಬಾಯಲ್ಲಿ ಕಚ್ಚಿ ಕೂತೆ. ನೂರು ಎಣಿಸಿದೆ. ಬಿಟ್ಟು ಮತ್ತೆ ನೂರು ಎಣಿಸಿದೆ. ಹಾಗೆ ಹತ್ತು ಸಲ. ಸ್ವಲ್ಪ ಕಹಿ ಬಂತು, ಬೇರೇನೂ ಇಲ್ಲ. ಬದುಕಿದೆಯಾ ಬಡಜೀವವೇ ಎಂದುಕೊಂಡು ಮನೆಗೆ ಹೋಗಿ ಬಂಗುಡೆ ಮೀನಿನ ಗಸಿಯಲ್ಲಿ ಎರಡು ಸಲ ಅನ್ನ ಕಲಸಿ ಉಂಡೆ.

ಭಾನುವಾರ ಬೆಳಿಗ್ಗೆ ಹಲ್ಲುಜ್ಜಲು ಹೋದಾಗ ಕನ್ನಡಿಯಲ್ಲಿ ಬೇರೆ ಯಾರೋ ಇದ್ದರು. ತುಟಿ ಹಲಸಿನ ತೊಳೆಯಷ್ಟು ದಪ್ಪ.

"ಯಾರಿಗೆ ಮುತ್ತು ಕೊಟ್ಟು ಬಂದದ್ದು?" ಎಂದಳು ಹೆಂಡತಿ. ನಾನು ನಗದಿದ್ದಾಗ ಹತ್ತಿರ ಬಂದು ನೋಡಿದಳು. ಎಲ್ಲ ಹೇಳಿದೆ. ಅವಳ ಮುಖ ಸಣ್ಣದಾಯಿತು. "ನಾನೇ ಅಲ್ವಾ ಆ ಎಣ್ಣೆ ಹೇಳಿದ್ದು."

"ನೀನು ಹೇಳಿದ್ದು ಪಕ್ಕಾಸಿನ ವಿಷಯ. ಬಾಯಿಗೆ ಹೋಗುವ ವಸ್ತುವಿಗೆ ಬಳಿದದ್ದು ನಾನು."

"ಹಾಗಾದ್ರೆ ಇಲ್ಲಿ ಎಂತ ಕೂತದ್ದು? ಹೋಗಿ ಹೇಳಿ ಬನ್ನಿ."

ಅಕ್ಕ ಆ ದಿನ ನರ್ಸರಿಯಲ್ಲಿದ್ದರು. ಮಾಲೀಕರೂ ಇದ್ದರು. ನನ್ನ ತುಟಿ ಕಂಡು ಇಬ್ಬರಿಗೂ ಅರ್ಧ ವಿಷಯ ಆಗಲೇ ಗೊತ್ತಾಗಿರಬೇಕು. ಉಳಿದರ್ಧ ನಾನು ಹೇಳಿದೆ. ಸೊನೆ ಅಲ್ಲ, ನನ್ನ ಎಣ್ಣೆ. ಅಕ್ಕ ಕೈಯಲ್ಲಿದ್ದ ಪಟ್ಟಿಯನ್ನು ಮೇಜಿನ ಮೇಲಿಟ್ಟರು.

"ಯಾವಾಗ ಗೊತ್ತಾದ್ದು ನಿಮಗೆ?"

"ಸಂಶಯ ಬಂದದ್ದು ಮೊನ್ನೆ, ತೋಟದಲ್ಲಿ. ಖಾತ್ರಿ ಆದದ್ದು ಇವತ್ತು."

"ಮೊನ್ನೆಯೇ ಹೇಳ್ಬಹುದಿತ್ತಲ್ಲ ಅಣ್ಣ. ಮೊನ್ನೆಯಿಂದ ಇವತ್ತಿನವರೆಗೆ ನಾನು ಅದನ್ನೇ ಕಚ್ಚಿದ್ದು."

ಎಣ್ಣೆ ಬಳಿದದ್ದು ತಿಳಿಯದೆ ಆದ ತಪ್ಪು. ಎರಡು ದಿನ ಸುಮ್ಮನಿದ್ದದ್ದಕ್ಕೆ ಆ ನೆವ ಇಲ್ಲ. ಅಕ್ಕ ಕಿಸೆಯಿಂದ ಕತ್ತಿ ತೆಗೆದು ಮೇಜಿನ ಮೇಲಿಟ್ಟು, ಒಂದೇ ಬೆರಳಿನಿಂದ ನನ್ನ ಕಡೆ ತಳ್ಳಿದರು.

"ಪಾಪದ ಮರಕ್ಕೆ ನಾನು ವಾರವಿಡೀ ಬೈದದ್ದು" ಎಂದು ಹೇಳಿ ಸಸಿಗಳ ಸಾಲಿನ ಆಚೆ ಹೋದರು.

ಮಾಲೀಕರು ನನ್ನನ್ನು ಬದಿಗೆ ಕರೆದರು. "ಮೇಳಕ್ಕೆ ಇನ್ನು ಹನ್ನೊಂದೇ ದಿನ ಉಂಟು. ಹಿಡಿ ಉಜ್ಜಿ ಮೇಲಿಂದ ಒಂದು ವಾರ್ನಿಶ್ ಹೊಡೀರಿ. ಬಾಯಿಗೆ ಹಾಕ್ಬೇಡಿ ಅಂತ ಪೆಟ್ಟಿಗೆಯಲ್ಲಿ ಒಂದು ಚೀಟಿ ಇಡಿ. ಅಲ್ಲ ಮಾರಾಯ್ರೆ, ಕತ್ತಿಯನ್ನು ಬಾಯಿಗೆ ಹಾಕಿ ಅಂತ ಯಾರು ಹೇಳಿದ್ದು?"

ಅವರ ಮಾತಿನಲ್ಲಿ ಕೆಡುಕಿರಲಿಲ್ಲ, ಗಡಿಬಿಡಿ ಇತ್ತು. ಶೆಡ್ಡಿಗೆ ಬಂದು ಇಪ್ಪತ್ತನಾಲ್ಕನ್ನೂ ಸಾಲಾಗಿ ಇಟ್ಟು ನೋಡಿದೆ. ನಾನು ಕನಸಿನಲ್ಲಿ ಕಂಡದ್ದು ಅಕ್ಷರಶಃ ಹೀಗೆಯೇ. ಒಂದನ್ನು ಬಿಡಿಸಿ ಮುಚ್ಚಿದೆ, ಸದ್ದು ಚೆನ್ನಾಗಿಯೇ ಬಂತು. ವಾರ್ನಿಶ್ ಹೊಡೆದರೆ ಎಷ್ಟು ದಿನ ತಡೆಯುತ್ತದೆ? ಹಲ್ಲು ತಾಗಿದರೆ ಒಂದು ವಾರ. ಕಸಿ ಕಟ್ಟುವವರ ಬಾಯಿ ಅವರ ಮೂರನೆಯ ಕೈ. ಅದನ್ನು ಬಳಸಬೇಡಿ ಎಂದು ಚೀಟಿ ಬರೆಯುವವನು ಅವರಿಗೆಂದು ಕತ್ತಿ ಮಾಡಬಾರದು. ಹಿಡಿಗಳನ್ನೆಲ್ಲ ಬಿಚ್ಚುವುದು ಎಂದು ಆಗ ತೀರ್ಮಾನಿಸಿದೆ. ಮನಸ್ಸು ಹಗುರವಾಯಿತು ಎಂದೇನೂ ಹೇಳಲಾರೆ, ಅಳು ಬಂದಿತ್ತು.

ಒಂದೊಂದು ಕತ್ತಿಗೆ ಮೂರು ಹಿತ್ತಾಳೆ ಮೊಳೆ. ಮೊಳೆಯ ತಲೆಯನ್ನು ಡ್ರಿಲ್ಲಿನಿಂದ ಕೊರೆದು, ಹಿಂದಿನಿಂದ ಕುಟ್ಟಿ ಹೊರಗೆ ತೆಗೆಯಬೇಕು. ಅಲಗಿಗೆ ಗೀರು ಬೀಳಬಾರದು. ಎರಡು ದಿನ ಅದೇ ಕೆಲಸ. ನಲವತ್ತೆಂಟು ಹಲಸಿನ ತುಂಡುಗಳು ರಾಶಿ ಬಿದ್ದವು. ಒಲೆಗೆ ಹಾಕುವ ಹಾಗಿಲ್ಲ, ಆ ಹೊಗೆಯೂ ಸುಡುತ್ತದೆ. ಶೆಡ್ಡಿನ ಹಿಂದೆ ಗುಂಡಿ ತೋಡಿ ಹೂತೆ. ಅಲಗುಗಳನ್ನೂ ಸ್ಪ್ರಿಂಗುಗಳನ್ನೂ ಸೋಪಿನ ನೀರಿನಲ್ಲಿ ತಿಕ್ಕಿ ಒಣಗಿಸಿದೆ.

ಆದರೆ ಮಳೆಯ ಸಮಸ್ಯೆ ಹಾಗೆಯೇ ಉಳಿದಿತ್ತು. ಎಣ್ಣೆ ಇಲ್ಲದಿದ್ದರೆ ಮರ ಊದುತ್ತದೆ. ಶೆಡ್ಡಿನ ಇಳಿಮಾಡಿನ ಕೆಳಗೆ ಕೂತು, ಕಿಟಕಿಯ ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಂಡು ಮುಚ್ಚದಿರುವುದನ್ನು ನೋಡುತ್ತಿದ್ದೆ. ಆ ಕಿಟಕಿಯನ್ನು ಬಡಗಿ ಒಮ್ಮೆ ಮಳೆಗಾಲದಲ್ಲಿ ಹೆರೆದಿದ್ದರೆ ಮತ್ತೆಂದೂ ಸಿಕ್ಕಿಕೊಳ್ಳುತ್ತಿರಲಿಲ್ಲ ಅಲ್ಲವೇ ಎಂದು ಸುಮ್ಮನೆ ಅನಿಸಿತು. ಎದ್ದು ನಿಂತೆ. ನಾನು ಮರಕ್ಕೆ ನೀರು ತಾಗದ ಹಾಗೆ ಮಾಡಲು ಹೊರಟಿದ್ದೆ. ಅದರ ಬದಲು ಅದು ಎಷ್ಟು ಬೇಕೋ ಅಷ್ಟು ಕುಡಿಯಲಿ, ಪೂರ್ತಿ ಊದಿದ ಮೇಲೆ ಆ ಅಳತೆಗೇ ಹೆರೆದು ಕೂರಿಸಿದರೆ ಅದಕ್ಕಿಂತ ಹೆಚ್ಚು ಬಿಗಿಯಾಗುವ ದಾರಿಯೇ ಇಲ್ಲ. ಬೇಸಿಗೆಯಲ್ಲಿ ತುಸು ಸಡಿಲವಾದರೆ ಅಲಗು ತಿರುಗುವ ಮೊಳೆಗೆ ಹಾಕುವ ತೆಳು ಹಿತ್ತಾಳೆಯ ಬಿಲ್ಲೆ ಅಲಗನ್ನು ಅಲ್ಲಾಡದಂತೆ ಹಿಡಿದುಕೊಳ್ಳುತ್ತದೆ. ಹಗುರದ ಕನಸಿನಲ್ಲಿ ಅಷ್ಟು ಭಾರ ಸೇರಿದರೆ ಸೇರಲಿ.

ಹೊಸ ಹಲಸಿನ ತುಂಡುಗಳನ್ನು ಇಳಿಮಾಡಿನ ಕೆಳಗೆ, ಎರಚಲು ಬೀಳುವಲ್ಲಿ ನಾಲ್ಕು ದಿನ ಹರಡಿಟ್ಟೆ. ಆ ನಾಲ್ಕು ದಿನ ನನಗೆ ಒಂದೇ ಕೆಲಸ, ಹಿಡಿಯ ತುದಿ ಹೇಗಿರಬೇಕು ಎಂದು ಹುಡುಕುವುದು. ಅಕ್ಕನನ್ನು ಕೇಳುವ ಮುಖ ಇರಲಿಲ್ಲ. ಪೊರಕೆಯ ಹಿಡಿಕೆಯನ್ನು ಗಿಡ ಎಂದು ಬಗೆದು, ಮರದ ಅಚ್ಚೊಂದನ್ನು ಬಾಯಲ್ಲಿ ಕಚ್ಚಿಕೊಂಡು, ಎರಡೂ ಕೈಯಿಂದ ಪ್ಲಾಸ್ಟಿಕ್ ಪಟ್ಟಿ ಸುತ್ತಿದೆ. ಹೆಂಡತಿ ಬಾಗಿಲಲ್ಲಿ ನಿಂತು ನೋಡಿ, ಯಾರಿಗೂ ಹೇಳುದಿಲ್ಲ ಎಂದು ಭರವಸೆ ಕೊಟ್ಟು ಹೋದಳು. ಹಲ್ಲು ತಾನಾಗಿ ಕೂರುವ ಜಾಗ ತುದಿಯಿಂದ ಒಂದು ಬೆರಳಗಲ ಒಳಗೆ. ಅಲ್ಲಿ ಮೇಲೂ ಕೆಳಗೂ ಅರದಿಂದ ಒಂದು ಸಣ್ಣ ತಗ್ಗು ಮಾಡಿದೆ. ಜಾರುವುದು ನಿಂತಿತು. ದವಡೆಗೆ ನೋವೂ ಇಲ್ಲ.

ಬಣ್ಣ ಇಲ್ಲ, ವಾರ್ನಿಶ್ ಇಲ್ಲ. ಅಡುಗೆಯ ತೆಂಗಿನೆಣ್ಣೆಯಲ್ಲಿ ಒರೆಸಿದ ಬರೀ ಮರ. ಒಂದೊಂದು ಕತ್ತಿ ಮುಗಿದಾಗಲೂ ಅದನ್ನು ನಾನೇ ಕಚ್ಚಿ, ಬೆಳಿಗ್ಗೆ ಎದ್ದು ಕನ್ನಡಿ ನೋಡಿ, ಆಮೇಲೆ ಹಿಡಿಯ ಮೇಲೂ ನನ್ನ ಅಕ್ಷರ ಒತ್ತುವುದು ಎಂದು ಮಾಡಿಕೊಂಡೆ. ಮೇಳದ ಹಿಂದಿನ ದಿನಕ್ಕೆ ಏಳು ಕತ್ತಿಗಳಿಗೆ ಅಕ್ಷರ ಬಿದ್ದಿತ್ತು. ಹದಿನೇಳು ಅಲಗುಗಳು ಹಿಡಿಯಿಲ್ಲದೆ ಡಬ್ಬಿಯಲ್ಲಿ ಉಳಿದವು.

ಮೇಳದ ಬೆಳಿಗ್ಗೆ ಉದ್ದನೆಯ ಮೇಜಿನ ಮೇಲೆ ಏಳೇ ಕತ್ತಿ ಇಟ್ಟುಕೊಂಡು ನಿಂತಿದ್ದೆ. ಹಲಸಿನ ಹಣ್ಣಿನ ಪರಿಮಳದಲ್ಲಿ ಸಭಾಂಗಣ ತೇಲುತ್ತಿತ್ತು. ಅಕ್ಕ ಬರುತ್ತಾರೋ ಇಲ್ಲವೋ ಎಂದು ಮಾಲೀಕರಿಗೂ ಖಚಿತ ಇರಲಿಲ್ಲ. ಬಂದರೂ ಬ್ಲೇಡಿನಲ್ಲೇ ಕಟ್ಟಿ ತೋರಿಸುತ್ತಾರೆ ಎಂದಿದ್ದರು. ಹತ್ತು ಗಂಟೆಗೆ ಬಂದರು. ತುಟಿಯಲ್ಲಿ ಹೊಸ ಚರ್ಮ ತೆಳುವಾಗಿ ಹೊಳೆಯುತ್ತಿತ್ತು. ನೇರ ನನ್ನ ಮೇಜಿಗೇ ಬಂದು, ಕತ್ತಿಗಳನ್ನು ಬಿಟ್ಟು ನನ್ನ ಬಾಯಿಯನ್ನೇ ನೋಡಿದರು. ಕಸಿಕಡ್ಡಿಯಲ್ಲಿ ರೋಗ ಇದೆಯೇ ಎಂದು ನೋಡುವಾಗ ಅವರು ನೋಡುವುದು ಹಾಗೆಯೇ.

"ನೀವು ಕಚ್ಚಿ ನೋಡಿದ್ದೀರಾ?"

"ಏಳನ್ನೂ. ಕಚ್ಚಿ ಒಂದು ರಾತ್ರಿ ಕಾದು ನೋಡಿದ್ದೇನೆ ಅಕ್ಕ."

"ಹಿಡಿಗೆ ಎಂತ ಹಾಕಿದ್ದೀರಿ?"

"ತೆಂಗಿನೆಣ್ಣೆ. ಬೇರೆ ಎಂತದೂ ಇಲ್ಲ."

ಒಂದನ್ನು ಎತ್ತಿ, ಅವರ ಪದ್ಧತಿ ನೆನಪಾಗಿ, ಅವರ ಮುಂದೆ ಮೇಜಿನ ಮೇಲಿಟ್ಟೆ. ಅವರು ಎತ್ತಿಕೊಳ್ಳಲಿಲ್ಲ. ಕೈ ಚಾಚಿದರು.

"ಕೈಗೇ ಕೊಡಿ."

"ಜಗಳ ಆಗ್ತದಲ್ಲ ಅಕ್ಕ?"

"ಆಗುವ ಜಗಳ ಎಲ್ಲ ಆಗಿ ಮುಗಿದಿದೆ. ಕೊಡಿ."

ಕೊಟ್ಟೆ. ಅವರು ವೇದಿಕೆ ಹತ್ತಿದರು. ಅಲ್ಲಿ ಕಾಟುಮಾವಿನ ಸಸಿಗಳೂ, ಒದ್ದೆ ಬಟ್ಟೆಯಲ್ಲಿ ಸುತ್ತಿದ ಮಿಡಿಮಾವಿನ ಕಡ್ಡಿಗಳೂ ಇದ್ದವು. ಸುಮ್ಮನೆ ಬೈಸಿಕೊಂಡ ಆ ಮರದ ಕಡ್ಡಿಗಳೇ ಅವು ಎಂದು ಆಮೇಲೆ ತಿಳಿಯಿತು. ಯಾರೋ ಮೈಕನ್ನು ಅವರ ಹತ್ತಿರಕ್ಕೆ ತಿರುಗಿಸಿದರು. ಅಕ್ಕ ಕತ್ತಿಯನ್ನು ಬಿಡಿಸಿ, ಹೊಂದುತ್ತದೆಯೇ ಎಂದು ಒಮ್ಮೆ ಮುಚ್ಚಿ, ಮತ್ತೆ ಬಿಡಿಸಿದರು. ನಾನು ಐದು ತಿಂಗಳು ಹುಡುಕಿದ ಸದ್ದು ಸಭಾಂಗಣದ ತುಂಬ ಕೇಳಿಸಿತು. ಚೆನ್ನಾಗಿಯೇ ಇತ್ತು. ಆದರೆ ನನ್ನ ಕಿವಿ ಆ ಹೊತ್ತಿಗೆ ಬೇರೆಯದಕ್ಕೆ ಕಾಯುತ್ತಿತ್ತು.

ಕಡ್ಡಿ ಕೊಯ್ದರು. ಸಸಿಯ ತಲೆ ಸೀಳಿದರು. ಬೆಣೆ ಕೂರಿಸಿದರು. ಮಗ್ಗುಲಲ್ಲಿ ಮೇಜು ಇತ್ತು, ಕತ್ತಿ ಅಲ್ಲಿಡಬಹುದಿತ್ತು. ಅವರು ಒಮ್ಮೆ ನಾನಿದ್ದ ಕಡೆ ನೋಡಿ ಹಿಡಿಯನ್ನು ಬಾಯಿಗೆ ಇಟ್ಟುಕೊಂಡರು. ಹಲ್ಲು ತಗ್ಗಿನಲ್ಲಿ ಕೂತಿತು. ಎರಡೂ ಕೈ ಪಟ್ಟಿಗೆ ಹೋದವು.

ಮೊದಲ ಸುತ್ತು ಸದ್ದಿಲ್ಲದೆ ಮುಗಿಯಿತು. ಎರಡನೆಯ ಸುತ್ತಿಗೆ, ಕತ್ತಿ ಕಚ್ಚಿದ ಹಲ್ಲುಗಳ ನಡುವಿನಿಂದ, ಮೈಕಿನಲ್ಲಿ, ಪಾಡ್ದನದ ಧಾಟಿ ಮೆಲ್ಲಗೆ ಶುರುವಾಯಿತು.